ಮೊಲಕ್ಕೆ ಹೊಲಿದ ಅಂಗಿ

ಮೊಲಕ್ಕೆ ಜ್ವರ ಬಂದರೆ ಔಷಧ ಕೆಟ್ಟಿದೆ, ಬರದಿದ್ದರೆ ಚೆನ್ನಾಗಿದೆ. ನಮ್ಮ ವಿಭಾಗದ ಕೆಲಸವೆಲ್ಲ ಇಷ್ಟೇ. ಮಡಕಶಿರದಿಂದ ಹಿಂದೂಪುರಕ್ಕೆ ಹೋಗುವ ದಾರಿಯಲ್ಲಿ, ಕಡಲೆಕಾಯಿ ಹೊಲಗಳ ನಡುವೆ ಇದ್ದ ಆ ಕಾರ್ಖಾನೆಯಲ್ಲಿ ಸಲೈನ್ ಬಾಟಲಿಗಳು ತಯಾರಾಗುತ್ತಿದ್ದವು, ಹೊಸ ಇಂಜೆಕ್ಷನ್ನುಗಳ ಸಂಶೋಧನೆಯೂ ನಡೆಯುತ್ತಿತ್ತು. ಮೊಲಗಳ ಮನೆ ನನ್ನ ಸುಪರ್ದಿಯಲ್ಲಿತ್ತು. ರೊಳ್ಳದ ಕಡೆಯ ಹಳ್ಳಿಯವಳಾದ ನನಗೆ ಕುರಿ, ಮೇಕೆ, ಎಮ್ಮೆ ಎಲ್ಲದರ ಸಹವಾಸವೂ ಇತ್ತು. ಮೊಲದ ಸಹವಾಸ ಮಾತ್ರ ಸಂಬಳಕ್ಕಾಗಿ ಮಾಡಿದ್ದು.

ಪ್ರತಿ ಬ್ಯಾಚಿಗೂ ಮೂರು ಮೊಲ. ಬೆಳಿಗ್ಗೆ ತೂಕ ಮಾಡಿ, ಒಂದೊಂದನ್ನೂ ಮರದ ಚೌಕಟ್ಟಿನಲ್ಲಿ ಕೂರಿಸಿ, ಕತ್ತನ್ನು ಹಲಗೆಯ ತೂತಿನಲ್ಲಿ ತೂರಿಸಿ ಮೇಲಿನಿಂದ ಇನ್ನೊಂದು ಹಲಗೆ ಇಳಿಸುತ್ತಿದ್ದೆವು. ತಲೆ ಹೊರಗೆ, ಮೈ ಒಳಗೆ. ಹಿಂದಿನಿಂದ ಥರ್ಮಾಮೀಟರಿನ ತಂತಿ ಹಾಕಿ, ಮೈಯ ಕಾವು ಒಂದು ಹದಕ್ಕೆ ಬರುವ ತನಕ ಕಾಯಬೇಕು. ಆಮೇಲೆ ದ್ರವವನ್ನು ಬೆಚ್ಚಗೆ ಮಾಡಿ ಕಿವಿಯ ಅಂಚಿನ ನರಕ್ಕೆ ನಿಧಾನವಾಗಿ ಬಿಟ್ಟು, ಮೂರು ಗಂಟೆಗಳ ಕಾಲ ಅರ್ಧ ಗಂಟೆಗೊಮ್ಮೆ ಕಾವು ಬರೆದುಕೊಳ್ಳಬೇಕು. ಗೊತ್ತುಮಾಡಿದ ಮಿತಿ ದಾಟಿದರೆ ಇನ್ನಷ್ಟು ಮೊಲಗಳ ಮೇಲೆ ಮತ್ತೆ ಪರೀಕ್ಷೆ. ಅಲ್ಲೂ ದಾಟಿದರೆ ಇಡೀ ಬ್ಯಾಚು ಚರಂಡಿಗೆ.

ತೊಂದರೆ ಏನೆಂದರೆ, ಮೊದಲ ಸಲ ಫೇಲಾದ ಬ್ಯಾಚು ಎರಡನೇ ಸಲ ಪಾಸಾಗಿಬಿಡುತ್ತಿತ್ತು. ಪದೇ ಪದೇ ಹೀಗೇ ಆಗುತ್ತಿತ್ತು. ಒಂದು ಬ್ಯಾಚಿಗೆ ಸಾಕಾಗಬೇಕಾದ ಮೊಲಗಳ ಜಾಗದಲ್ಲಿ ಅದರ ಎರಡರಷ್ಟು ಮೊಲಗಳಿಗೆ ಸೂಜಿ ಬೀಳುತ್ತಿತ್ತು. ಮೊಲ ಹಿಡಿಯುವ ಕೈಗಳೂ ನಿಲ್ಲುತ್ತಿರಲಿಲ್ಲ. ಆ ವರ್ಷಗಳಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳೆಲ್ಲ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೊರಟಿದ್ದ ಕಾಲ. ನಾನು ಒಬ್ಬಳಿಗೆ ಮೊಲದ ಹಿಂಗಾಲಿಗೆ ಅಂಗೈ ಕೊಟ್ಟು ಎತ್ತುವುದನ್ನು ಕಲಿಸುವಷ್ಟರಲ್ಲಿ ಅವಳು ಬೆಂಗಳೂರಿನ ಬಸ್ಸು ಹತ್ತಿರುತ್ತಿದ್ದಳು. ಹೊಸಬಳು ಬಂದು ಮತ್ತೆ ಕಿವಿ ಹಿಡಿದು ಎತ್ತುವಳು, ನಾನು ಮತ್ತೆ ಬಯ್ಯುವೆ.

ನಮ್ಮ ಮ್ಯಾನೇಜರ್ ಕೋಸ್ತಾ ಕಡೆಯವರು, ಅಂದರೆ ಆಂಧ್ರದ ಕರಾವಳಿಯ ತೆಲುಗರು. ಕೆಟ್ಟವರಲ್ಲ, ಆದರೆ ಅವರ ತಲೆಯ ತುಂಬ ಗೋಡೌನಿನಲ್ಲಿ ನಿಂತ ಬಾಟಲಿಗಳೇ. ಅವರು ಕಂಡುಕೊಂಡ ಪರಿಹಾರ ಸುಲಭದ್ದು. ಮೊಲಗಳನ್ನು ದುಪ್ಪಟ್ಟು ಮಾಡುವುದು, ಚೌಕಟ್ಟುಗಳನ್ನು ದುಪ್ಪಟ್ಟು ಮಾಡುವುದು, ಎಷ್ಟು ಬ್ಯಾಚು ಫೇಲಾದರೂ ಅದೇ ದಿನ ಮರುಪರೀಕ್ಷೆ ಮುಗಿಸುವುದು. ನನಗೂ ಅದು ಸರಿಯೆಂದೇ ಕಂಡಿತ್ತು.

ಆ ಹೊತ್ತಿಗೆ ರಾಯದುರ್ಗದಿಂದ ಪಶುವೈದ್ಯೆಯೊಬ್ಬರು ಕೆಲಸಕ್ಕೆ ಬಂದರು. ನನಗಿಂತ ತುಂಬಾ ಚಿಕ್ಕವರು, ಮೆತ್ತಗಿನ ಮಾತು. "ಅಕ್ಕ, ಹೌದ್ರಿ ಅಕ್ಕ" ಎನ್ನುತ್ತಿದ್ದುದನ್ನು ಕೇಳಿ, ಇವರನ್ನು ನಾನೇ ಕಾಯಬೇಕಾಗುತ್ತದೆ ಅಂದುಕೊಂಡೆ. ಅವರು ಬಂದ ವಾರದಲ್ಲೇ ಒಂದು ಮೊಲ ಚೌಕಟ್ಟಿನೊಳಗೆ ಬೆದರಿ ಜೋರಾಗಿ ಒದೆಯಿತು. ಕತ್ತು ಹಲಗೆಯಲ್ಲಿ ಸಿಕ್ಕಿತ್ತು, ಹಿಂಗಾಲು ಗಾಳಿಗೆ ಹೋಯಿತು. ಲಟ್ ಅಂತ ಸದ್ದಾಯಿತು. ಹಲಗೆ ತೆಗೆದು ನೋಡಿದರೆ ಹಿಂಗಾಲುಗಳೆರಡೂ ಒದ್ದೆ ಬಟ್ಟೆಯ ಹಾಗೆ ಬಿದ್ದಿದ್ದವು. ಬೆನ್ನು ಮುರಿದ ಮೊಲಕ್ಕೆ ಚಿಕಿತ್ಸೆಯಿಲ್ಲ. ಡಾಕ್ಟರ್ ಮೇಡಂ ತಾವೇ ಸೂಜಿ ಕೊಟ್ಟು, ಅದರ ಉಸಿರು ನಿಲ್ಲುವ ತನಕ ತಲೆಯ ಮೇಲೆ ಕೈಯಿಟ್ಟುಕೊಂಡು ನಿಂತರು.

"ವರ್ಷಕ್ಕೊಂದೋ ಎರಡೋ ಹಿಂಗಾಗ್ತವೆ ಮೇಡಂ" ಎಂದು ಸಮಾಧಾನ ಹೇಳಲು ಹೋದೆ.

"ನಾಳಿ ಯಾವ ಔಷಧನೂ ಕೊಡಬ್ಯಾಡ್ರಿ ಅಕ್ಕ" ಅಂದರು. "ಸುಮ್ನ ಹಲಗ್ಯಾಗ ಕೂಡ್ಸಿ ಕಾವು ಬರೀರಿ, ಅಷ್ಟ."

ಮಾರನೆಯ ದಿನ ಹಾಗೆಯೇ ಮಾಡಿದೆವು. ಸೂಜಿಯಿಲ್ಲ, ದ್ರವವಿಲ್ಲ. ಆದರೂ ಹಲವು ಮೊಲಗಳ ಕಾವು ಏರಿತು. ಕಾವಿನ ಏರಿಳಿತವನ್ನು ಗೆರೆ ಎಳೆದ ಹಾಳೆಗಳನ್ನು ಹಿಡಿದುಕೊಂಡು ಮೇಡಂ ಮ್ಯಾನೇಜರ ಮುಂದೆ ನಿಂತರು, ಪಕ್ಕದಲ್ಲಿ ನಾನು.

"ಇದು ಪಾಸೋ ಫೇಲೋ ಹೇಳ್ರಿ ಸಾರ್."

"ಫೇಲ್. ಯಾವ ಬ್ಯಾಚಮ್ಮಾ ಇದು?"

"ಯಾವ ಬ್ಯಾಚೂ ಅಲ್ರಿ. ಇವಕ್ಕ ಏನೂ ಕೊಟ್ಟಿಲ್ಲ. ಇದು ಹಲಗಿ ಜ್ವರ ಸಾರ್. ನಾವು ಔಷಧ ನೋಡಾಕತ್ತಿಲ್ಲ, ಅವುಗಳ ಅಂಜಿಕಿ ಅಳ್ಯಾಕತ್ತೀವಿ."

ಮ್ಯಾನೇಜರು ಗೆರೆಗಳನ್ನು ನೋಡಿದರು, ಮೇಡಂ ಮುಖ ನೋಡಿದರು, ಫೋನು ಎತ್ತಿಕೊಂಡರು. ಅದು ಅವರು ಮಾತು ಮುಗಿಸುವ ರೀತಿ.

ಮೊಲವಿಲ್ಲದೆ ಇದನ್ನೆಲ್ಲ ನೋಡಲಾಗುವುದಿಲ್ಲವೇ ಎಂದು ನಾನು ಅವತ್ತು ಕೇಳಿದೆ. "ಆ ದಿನ ಬರ್ತೈತ್ರಿ" ಅಂದರು. ಸಮುದ್ರದ ಒಂದು ಬಗೆಯ ಏಡಿಯ ರಕ್ತದಿಂದ ತೆಗೆದ ಪುಡಿ ಹಾಕಿ ಗಾಜಿನ ಕೊಳವೆಯಲ್ಲೇ ನೋಡುವ ಪರೀಕ್ಷೆ ಆಗಲೇ ಇದೆಯಂತೆ. ನಮ್ಮ ಕೆಲವು ಔಷಧಗಳಿಗೆ ಅದು ಹೊಂದುವುದಿಲ್ಲ, ಹೊಂದುವುದಕ್ಕೂ ಸರ್ಕಾರದ ಒಪ್ಪಿಗೆ ಬರಬೇಕು. "ಅಲ್ಲೀತನಕ ಇವು ಹಲಗ್ಯಾಗ ಕುಂತು ಕಾಯಬೇಕೇನ್ರಿ?"

ಪ್ರಾಣಿಗಳ ಮೇಲಿನ ಪ್ರಯೋಗಕ್ಕೆಲ್ಲ ಒಂದು ಸಮಿತಿಯ ಒಪ್ಪಿಗೆ ಬೇಕು. ಕಾರ್ಖಾನೆಯವರೂ ಹೊರಗಿನವರೂ ಸೇರಿದ ಸಮಿತಿ ಅದು. ಮ್ಯಾನೇಜರ ದುಪ್ಪಟ್ಟು ಮೊಲದ ಅರ್ಜಿ, ಹಲಗೆಯ ಬದಲು ಬಟ್ಟೆಯಲ್ಲಿ ಕೂರಿಸುತ್ತೇನೆಂಬ ಮೇಡಂ ಅರ್ಜಿ, ಎರಡೂ ಒಂದೇ ಸಭೆಗೆ ಹೋದವು. ಸಮಿತಿ ಮೇಡಂಗೆ ಮುಂದಿನ ಸಭೆಯ ತನಕ ಗಡುವು ಕೊಟ್ಟಿತು. ಬಟ್ಟೆಯಲ್ಲಿ ಕಾವು ಏರದೆ ನಿಂತರೆ ಚೌಕಟ್ಟುಗಳು ಹೋಗುತ್ತವೆ. ನಿಲ್ಲದಿದ್ದರೆ ಮೊಲಗಳೂ ಚೌಕಟ್ಟುಗಳೂ ದುಪ್ಪಟ್ಟಾಗುತ್ತವೆ.

ಭಾನುವಾರ ನಾವಿಬ್ಬರೂ ರಾಯದುರ್ಗದ ಬಸ್ಸು ಹತ್ತಿದೆವು. ಪರೀಕ್ಷೆಯ ಮೊಲಗಳನ್ನು ಗೇಟು ದಾಟಿಸುವಂತಿಲ್ಲ. ಅದಕ್ಕೆ ಮೇಡಂ ಒಂದು ಚೀಲಕ್ಕೆ ಮೊಲದ ತೂಕದಷ್ಟು ರಾಗಿ ತುಂಬಿ, ಕತ್ತಿನ ಜಾಗದಲ್ಲಿ ಹುರಿ ಬಿಗಿದು, ಕಾಲಿನ ಜಾಗಗಳನ್ನು ಹೊಲಿದು, ಮಡಿಲಲ್ಲಿಟ್ಟುಕೊಂಡಿದ್ದರು. ಕಂಡಕ್ಟರು ಬಗ್ಗಿ ಬಗ್ಗಿ ನೋಡಿದ. "ಕೂಸಲ್ಲ ಕಣಪ್ಪ, ರಾಗಿ. ಟಿಕೇಟ್ ಹರೀಬ್ಯಾಡ" ಎಂದು ನಾನು ಗದರಿದೆ.

ರಾಯದುರ್ಗದಲ್ಲಿ ಯಾವ ಓಣಿಗೆ ಹೋದರೂ ಜೀನ್ಸ್ ಹೊಲಿಯುವ ಮಷೀನಿನ ಸದ್ದು. ಮೇಡಂ ತವರಿನ ಓಣಿಯಲ್ಲೇ ಒಬ್ಬ ಕಟಿಂಗ್ ಮಾಸ್ಟರ್ ಇದ್ದರು. ಗಂಡ ಕತ್ತರಿಸುವುದು, ಹೆಂಡತಿ ಹೊಲಿಯುವುದು, ಮನೆಯೇ ಕಾರ್ಖಾನೆ. ಮಾಸ್ಟರು ರಾಗಿಚೀಲವನ್ನು ಮೇಜಿನ ಮೇಲೆ ಕೂರಿಸಿ ಅಳತೆಯ ಟೇಪು ಹಾಕಿದರು.

"ಇದಕ್ಕ ಸೊಂಟ ಎಲ್ಲಿ ಬರ್ತೈತಿ ಡಾಕ್ಟ್ರವ್ವಾ?"

"ಸೊಂಟ ಬಿಡ್ರಿ ಮಾವ, ಬೆನ್ನು ನೋಡ್ರಿ. ಅದು ಮುರೀಬಾರ್ದು ಅಂತನ ಇಷ್ಟೆಲ್ಲಾ."

ಮೊಲಕ್ಕೆ ಹಿಂಗಾಲು ನೆಲಕ್ಕೆ ತಾಗದಿದ್ದರೆ ಪ್ರಾಣಭಯ. ಆದ್ದರಿಂದ ತೂಗುಹಾಕುವ ಜೋಲಿ ಆಗದು. ಕಾಲು ಮಡಚಿ ಕೂತಹಾಗೇ ಹೊಟ್ಟೆಯ ಕೆಳಗಿನಿಂದ ಸುತ್ತಿಬಂದು ಬೆನ್ನಿನ ಮೇಲೆ ಲಾಡಿ ಕಟ್ಟುವ ಅಂಗಿ ಬೇಕು. ಕತ್ತು ಸಡಿಲ, ಹಿಂದೆ ತಂತಿ ಹೋಗಲು ಒಂದು ಮುಚ್ಚಳ. ಒದೆಯಲು ಹೋದರೂ ಕಾಲು ಚಾಚಬಾರದು, ಆದರೆ ಬಿಗಿ ಅನ್ನಿಸಬಾರದು. ಮೂವರೂ ಕೂತು ಹಳೆ ಪೇಪರು ಕತ್ತರಿಸಿ ಕತ್ತರಿಸಿ ನೋಡಿದರು. ಮಾಸ್ಟರು ಲಾಡಿ ಮೂರು ಬೇಡ ಎರಡು ಸಾಕು ಅಂದರೆ, ಮೇಡಂ ನಡುವಿನದು ಬೆನ್ನು ಹಿಡಿಯುವುದಕ್ಕೇ ಇರೋದು ಅನ್ನುವರು. ಮಾಸ್ಟರ ಹೆಂಡತಿ ರಾಗಿಚೀಲಕ್ಕೆ ಉಡಿಸಿ, ಬಿಚ್ಚಿ, ಮತ್ತೆ ಉಡಿಸಿ ತೋರಿಸುವರು. ನಾನು ಅವರ ಮನೆಯ ಮಂಡಕ್ಕಿ ತಿನ್ನುತ್ತಾ ಕೂತು, ಒಂದು ಮೊಲಕ್ಕೆ ಇಷ್ಟು ಜನ ತಲೆ ಕೆಡಿಸಿಕೊಂಡದ್ದನ್ನು ನೋಡುತ್ತಿದ್ದೆ. ನಗುವೂ ಬಂತು, ಏನೋ ಒಂದು ಸಂತೋಷವೂ ಆಯಿತು.

ಮೊದಲ ಅಂಗಿಗಳು ಬಸ್ಸಿನ ಪಾರ್ಸಲ್ಲಿನಲ್ಲಿ ಬಂದವು. ಗಟ್ಟಿ ಇರಲೆಂದು ಮಾಸ್ಟರು ಜೀನ್ಸಿನ ತುಂಡುಗಳಲ್ಲೇ ಹೊಲಿದಿದ್ದರು. ಉಡಿಸಿ ಬಿಚ್ಚುವಷ್ಟರಲ್ಲಿ ನಮ್ಮ ಬಿಳಿ ಮೊಲಗಳ ಹೊಟ್ಟೆಯೆಲ್ಲ ನೀಲಿ. ನನಗೆ ನಗು ತಡೆಯಲಾಗಲಿಲ್ಲ. ಮೇಡಂ ನಗಲಿಲ್ಲ. ಬಣ್ಣ ಚರ್ಮಕ್ಕೆ ಇಳಿಯುತ್ತದೆ, ಮೊಲ ಮೈ ನೆಕ್ಕಿಕೊಳ್ಳುತ್ತದೆ, ಪರೀಕ್ಷೆಯ ಪ್ರಾಣಿಯ ಹೊಟ್ಟೆಗೆ ಗೊತ್ತಿಲ್ಲದ ವಸ್ತು ಹೋಗುವಂತಿಲ್ಲ. ಅಂಗಿಗಳು ಮೂಲೆ ಸೇರಿದವು. ಎರಡನೆಯ ಸಲ ಜೀನ್ಸಿನ ಜೇಬಿಗೆ ಒಳಗೆ ಹಾಕುವ ಬಿಳಿ ಹತ್ತಿ ಬಟ್ಟೆಯಲ್ಲಿ ಹೊಲಿಸಿದರು. ಅದರ ಗಂಜಿ ಬಿಡುವ ತನಕ ನಾನು ಬರೀ ನೀರಿನಲ್ಲಿ ಕುದಿಸಿದೆ. ಸೋಪಿನ ವಾಸನೆಯೂ ಮೊಲಕ್ಕೆ ಹೊಸದು ಎಂದು ಮೇಡಂ ಸೋಪು ಮುಟ್ಟಲು ಬಿಟ್ಟಿರಲಿಲ್ಲ.

ಆಮೇಲೆ ಅಭ್ಯಾಸದ ದಿನಗಳು. ದಿನವೂ ಸ್ವಲ್ಪ ಹೊತ್ತು ಉಡಿಸುವುದು, ಕೂರಿಸುವುದು, ಬಿಚ್ಚುವುದು, ಬಿಚ್ಚಿದ ಕೂಡಲೇ ಹಿಪ್ಪುನೇರಳೆ ಸೊಪ್ಪು ಹಿಡಿಯುವುದು. ಸುಮ್ಮನೆ ಕೂತ ಮೊಲ ನೆಮ್ಮದಿಯಾಗಿದೆ ಎಂದೇ ನಾನು ತಿಳಿದಿದ್ದೆ. "ಅಂಜಿ ಮರಗಟ್ಟಿದ್ರೂ ಸುಮ್ನ ಕೂಡ್ತಾವ್ರಿ ಅಕ್ಕ. ಬಿಟ್ಟ ಮ್ಯಾಲೆ ತಿಂತಾವೇನ್ ನೋಡ್ರಿ. ಅಂಜಿದ್ದು ಬಾಯಿ ಹಾಕಂಗಿಲ್ಲ" ಅಂದರು ಮೇಡಂ. ಮೊದಮೊದಲು ಯಾವುದೂ ಸೊಪ್ಪು ಮುಟ್ಟಲಿಲ್ಲ. ದಿನ ಕಳೆದಂತೆ ಒಂದೊಂದಾಗಿ ಮುಟ್ಟಿದವು. ಬರುವ ಹೋಗುವ ಹುಡುಗಿಯರ ಕೈಗೆ ಕೊಡದೆ ಎಲ್ಲವನ್ನೂ ನಾನೇ ಉಡಿಸಿದೆ. ಕೊನೆಕೊನೆಗೆ ಅಂಗಿ ಕಂಡರೆ ಸೊಪ್ಪು ಬಂತೆಂದು ಕಿವಿ ನೆಟ್ಟಗೆ ಮಾಡುತ್ತಿದ್ದವು, ಕಳ್ಳವು!

ಪ್ರಯೋಗ ನಡೆಯಿತು. ಹಲಗೆಯಲ್ಲಿ ಏರುತ್ತಿದ್ದ ಕಾವು ಅಂಗಿಯಲ್ಲಿ ಏರಲಿಲ್ಲ. ಮೇಡಂ ಹಾಳೆ ತಂದು ನನ್ನ ಮುಂದೆ ಹರಡಿ, "ಗೆರಿ ಅಲುಗಾಡಿಲ್ಲ ನೋಡ್ರಿ ಅಕ್ಕ" ಎಂದು ಕುಣಿದೇಬಿಟ್ಟರು. ಸಭೆಗೆ ಇನ್ನೊಂದು ವಾರವಿತ್ತು. ನಾನು ಗೆದ್ದೆವು ಎಂದುಕೊಂಡೆ.

ಪ್ರಯೋಗ ಮುಗಿದ ಮೇಲೆ ಉಚ್ಚೆಯ ಕಲೆ ಹೋಗಲೆಂದು ಅಂಗಿಗಳನ್ನು ಮೊದಲ ಸಲ ಸೋಡಾ ಹಾಕಿ ನೆನೆಸಿದ್ದೆವು. ತೆಗೆದು ಹರವಿದಾಗ ಒಂದೊಂದರ ಮೂಲೆಯಲ್ಲೂ ಕೆಂಪು ಕಲೆ! ಒಗೆಯುತ್ತಿದ್ದ ಹುಡುಗಿ "ರಕ್ತ ಐತೆ ಕಣಕ್ಕಾ" ಎಂದು ಚೀರಿದಳು. ಮ್ಯಾನೇಜರೂ ಓಡಿಬಂದರು. ಎಲ್ಲೋ ಲಾಡಿ ಕೊಯ್ದು ಗಾಯವಾಗಿದೆ ಎಂದು ನಾನು ಪ್ರತಿ ಮೊಲವನ್ನೂ ಮಗುಚಿ ನೋಡಿದೆ. ಒಂದು ಗೀರೂ ಇಲ್ಲ.

ಮೇಡಂ ಅಂಗಿಯ ಅಂಚಿನ ಮಡಿಕೆ ಬಿಚ್ಚಿ ಮೂಸಿದರು. ಕ್ಯಾಂಟೀನಿನಿಂದ ನಿಂಬೆಹಣ್ಣು ತರಿಸಿ ಕಲೆಯ ಮೇಲೆ ಹಿಂಡಿದರು. ಕೆಂಪು ನಮ್ಮ ಕಣ್ಣೆದುರೇ ಹಳದಿಯಾಯಿತು.

"ಅರಿಶಿಣ" ಅಂದರು.

ನನಗೆ ಆಗ ಹೊಳೆಯಿತು. ನಮ್ಮಲ್ಲಿ ಹೊಸ ಬಟ್ಟೆಗೆ ಮೂಲೆಯಲ್ಲಿ ಅರಿಶಿನ ಹಚ್ಚದೆ ಯಾರೂ ಉಡುವುದಿಲ್ಲ. ಮಾಸ್ಟರ ಹೆಂಡತಿ ಪ್ರತಿ ಅಂಗಿಯ ಅಂಚಿಗೂ ಒಂದು ಬೊಟ್ಟು ಹಚ್ಚಿ ಮಡಿಚಿ ಹೊಲಿದಿದ್ದರು. ಬರೀ ನೀರಿನಲ್ಲಿ ಕುದಿಸಿದಾಗ ಮಡಿಕೆಯೊಳಗೆ ಮುಚ್ಚಿಕೊಂಡಿದ್ದದ್ದು ಸೋಡಾ ತಾಗಿ ಕೆಂಪಾಗಿ ಹೊರಬಂದಿತ್ತು.

"ಪಸುಪಾ?" ಎಂದು ಮ್ಯಾನೇಜರ್ ನಿಟ್ಟುಸಿರು ಬಿಟ್ಟರು. "ಅಷ್ಟೇ ತಾನೇ ಡಾಕ್ಟರ್‌ಗಾರು! ಒಳಗೆ ಮುಚ್ಚಿದ್ದ ಅರಿಶಿನ. ರಿಪೋರ್ಟಲ್ಲಿ ಬರೀಬೇಡಿ. ರಿಸಲ್ಟ್ ಚೆನ್ನಾಗಿದೆ, ನಾನೇ ಒಪ್ಪಿಕೊಳ್ತೀನಿ."

ಅವರ ಬಾಯಿಂದ ಆ ಮಾತು ಬಂದದ್ದೇ ದೊಡ್ಡದು. ನಾನೂ ಸೇರಿಸಿದೆ, "ಯಾರಿಗ್ ಗೊತ್ತಾಗ್ತದೆ ಮೇಡಂ, ಬಿಡಿ ಅತ್ಲಾಗೆ."

ಮೇಡಂ ಒದ್ದೆ ಅಂಗಿ ಹಿಡಿದುಕೊಂಡೇ ನಿಂತಿದ್ದರು. "ನಮ್ಮ ಮನ್ಯಾಗ ಬಾವು ಬಂದ್ರ, ಮೈ ಕಾದ್ರ ಏನ್ ಹಚ್ತೀವ್ರಿ ಸಾರ್? ಅರಿಶಿಣ. ನಾ ಅಳದಿದ್ದೇನು? ಮೈ ಕಾವು. ಒಂದು ಮೊಲನೂ ಅಂಚು ನೆಕ್ಕಿಲ್ಲ ಅಂತ ನಾ ಹೆಂಗ ಹೇಳ್ಲಿ? ಕಾವು ನಿಂತದ್ದು ಅಂಗಿಯಿಂದನೋ ಅರಿಶಿಣದಿಂದನೋ ಅಂತ ನಾಳಿ ಯಾರಾರ ಕೇಳಿದ್ರ?"

"ಯಾರು ಕೇಳ್ತಾರಮ್ಮಾ?"

"ನಾನ ಕೇಳ್ತೀನ್ರಿ."

ಆ ಹಾಳೆಗಳನ್ನೆಲ್ಲ ಅವರು ಅಲ್ಲೇ ಅಡ್ಡಗೆರೆ ಎಳೆದು ರದ್ದು ಮಾಡಿದರು. ನನಗೆ ಸಿಟ್ಟು ಬಂತು. ನಾನು ತಿಂಗಳುಗಟ್ಟಲೆ ಉಡಿಸಿ ಬಿಚ್ಚಿದ್ದು, ಸೊಪ್ಪು ಕಿತ್ತು ತಂದದ್ದು ಎಲ್ಲ ಹೋಯಿತಲ್ಲ! ಬೇರೆ ಮೊಲಗಳನ್ನಾದರೂ ತರಿಸಿಕೊಳ್ಳಿ, ವಾರದಲ್ಲಿ ಮತ್ತೊಂದು ಸಲ ಮಾಡಿ ಮುಗಿಸೋಣ ಎಂದೆ. "ಮೊಲ ಕಮ್ಮಿ ಮಾಡಾಕ ಅಂತ ಮೊಲ ಜಾಸ್ತಿ ತರಸೋದು ಯಾವ ನ್ಯಾಯರಿ ಅಕ್ಕ?" ಅಂದರು. ಸಿಟ್ಟು ಇಳಿಯುತ್ತಾ ಬಂದ ಹಾಗೆ, ಈ ಮೆತ್ತನೆಯ ಮಾತಿನವರನ್ನು ನಾನು ಕಾಯಬೇಕಾಗಿಲ್ಲ ಎಂದು ತಿಳಿಯಿತು. ಅಂಥ ಮೇಲಧಿಕಾರಿಯ ಕೈಕೆಳಗೆ ನಾನು ಅದಕ್ಕೆ ಮುಂಚೆಯೂ ಕೆಲಸ ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ.

ಸಭೆಗೆ ಅವರು ಬರಿಗೈಯಲ್ಲಿ ಹೋದರು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಹೊರಬಂದಾಗ ಮುಖ ಬಾಡಿತ್ತು. ಮ್ಯಾನೇಜರ ಅರ್ಜಿಗೆ ಒಪ್ಪಿಗೆ ಸಿಕ್ಕಿತ್ತು. ಹೊರಗಿನ ಸದಸ್ಯರೊಬ್ಬರು ಮಾತ್ರ ಹಟ ಹಿಡಿದು, ಹೊಸ ಮೊಲಗಳು ಬಂದಿಳಿಯುವ ತನಕ ಮೇಡಂ ಇನ್ನೊಂದು ಪ್ರಯತ್ನ ಮಾಡಿ ಮುಂದಿನ ಸಭೆಗೆ ತೋರಿಸಲಿ ಎಂದಿದ್ದರಂತೆ. ಹೇಗೂ ನಡೆಯಲೇಬೇಕಾದ ಬ್ಯಾಚು ಪರೀಕ್ಷೆಗಳ ಜೊತೆಗೇ, ಇರುವ ಮೊಲಗಳಲ್ಲೇ, ಒಂದು ಸಲ ಹಲಗೆ ಒಂದು ಸಲ ಅಂಗಿ, ಪ್ರತಿ ಮೊಲಕ್ಕೂ ಅದರದ್ದೇ ಹೋಲಿಕೆ. ಒಂದೂ ಹೆಚ್ಚಿನ ಮೊಲ ಬೇಡದ ಈ ದಾರಿ ಮೇಡಂ ಸಭೆಯಲ್ಲೇ ಹೇಳಿದ್ದು.

ಮತ್ತೆ ರಾಯದುರ್ಗ. ಮಾಸ್ಟರ ಹೆಂಡತಿ ಸಂಗತಿ ಕೇಳಿ ಮಷೀನು ನಿಲ್ಲಿಸಿದರು. "ಜೀನ್ಸಿಗೆ ನಾ ಹಚ್ಚಂಗಿಲ್ಲವ್ವ, ಅದು ಅಂಗಡಿಗೆ ಹೋಗೋದು, ಯಾರ್ ಹಾಕ್ಕೊಂತಾರೋ ಏನೋ. ಇವು ಜೀವ ಇರೋವಕ್ಕ, ಬೆನ್ನು ಮುರೀಬಾರ್ದು ಅಂತ ಹೊಲಿಯೋದು ಅಂದಿದ್ದೀರಿ. ಹಚ್ಚದ ಹೆಂಗ ಕೊಡ್ಲಿ? ಚೊಲೋದಾಗ್ಲಿ ಅಂತ ಹಚ್ಚಿದ್ನಿ, ನಿಮಗ ಕೇಡಾತು."

"ಕೇಡೇನಿಲ್ಲ ಬಿಡ್ರಿ ಅತ್ತಿ" ಅಂದರು ಮೇಡಂ. ಹಚ್ಚಬೇಡಿ ಎಂದೂ ಅನ್ನಲಿಲ್ಲ. ಅಳತೆಗೆಂದು ಅಲ್ಲೇ ಬಿಟ್ಟುಹೋಗಿದ್ದ ರಾಗಿಚೀಲವನ್ನು ಕಪಾಟಿನ ಮೇಲಿಂದ ಇಳಿಸಿ ಅವರ ಮುಂದೆ ಇಟ್ಟರು. "ಮೊದಲನೇ ಅಂಗಿ ಇದಕ್ಕ ಹೊಲೀರಿ. ಅದಕ್ಕ ಹಚ್ರಿ, ಎಲ್ಲಾ ಮೊಲದ ಪರವಾಗಿ. ಉಳಿದವು ಹಂಗ ಕೊಡ್ರಿ."

ಆಕೆ ಹಾಗೆಯೇ ಮಾಡಿದರು. ಅಂಗಿ ಹೊಲಿದು ರಾಗಿಚೀಲಕ್ಕೆ ಉಡಿಸಿ, ನಾಲ್ಕೂ ಮೂಲೆಗೆ ಬೊಟ್ಟಿಟ್ಟು, ಕೈಮುಗಿದು, ಆಮೇಲೆ ಕೈ ತೊಳೆದು ಬಂದು ಉಳಿದ ಬಟ್ಟೆ ಹಿಡಿದು ಮಷೀನಿನ ಮುಂದೆ ಕೂತರು. ಕಾರ್ಖಾನೆಗೆ ತಂದ ಮೇಲೆ ನಾನು ಪ್ರತಿ ಅಂಗಿಯನ್ನೂ ಮೊದಲು ಸೋಡಾ ನೀರಿಗೆ ಅದ್ದಿ ನೋಡಿದೆ. ಎಲ್ಲವೂ ಬೆಳ್ಳಗಿದ್ದವು. ವಾಸನೆ ಹೋಗುವ ತನಕ ಮತ್ತೆ ಮತ್ತೆ ಬಿಸಿನೀರಿನಲ್ಲಿ ಜಾಲಿಸಿದೆ.

ಎರಡನೆಯ ಸುತ್ತು ನಿಧಾನವಾಗಿ ಸಾಗಿತು. ಹಲಗೆಯ ಸರದಿ ಬಂದ ದಿನ ನನಗೆ ಬೆಳಿಗ್ಗೆಯಿಂದಲೇ ಮನಸ್ಸು ಸರಿಯಿರುತ್ತಿರಲಿಲ್ಲ. ಅಂಗಿಗೆ ಒಗ್ಗಿದ ಮೊಲವನ್ನು ಮತ್ತೆ ಹಲಗೆಗೆ ಕೂರಿಸುವಾಗ ಅದು ನನ್ನ ಮುಂಗೈಗೆ ಮೂತಿ ಒತ್ತುತ್ತಿತ್ತು. ಬೇಸರದಲ್ಲಿ ಮೇಡಂ ಮೇಲೆ ರೇಗಿದ್ದೂ ಉಂಟು. ಅವರು ತಾಳಿಕೊಂಡರು. ಗೆರೆಗಳು ಮಾತ್ರ ಮೊದಲ ಸಲದ ಹಾಗೆಯೇ ಬರುತ್ತಿದ್ದವು, ಹಲಗೆಯಲ್ಲಿ ಏರು, ಅಂಗಿಯಲ್ಲಿ ಸಪಾಟು. ಅಂಗಿಯಲ್ಲಿ ನೋಡಿದ ಒಂದು ಬ್ಯಾಚಿನಲ್ಲಿ ಮೂರೂ ಮೊಲಗಳ ಕಾವು ಒಟ್ಟಿಗೇ ಏರಿತು. ನಾನು ಹೆದರಿದೆ. ಮೇಡಂ ಹೆದರಲಿಲ್ಲ, ಬಾಟಲಿ ತರಿಸಿ ಲ್ಯಾಬಿನಲ್ಲಿ ನೋಡಿಸಿದರು. ಆ ಔಷಧ ನಿಜಕ್ಕೂ ಕೆಟ್ಟಿತ್ತು. ಅಂಜಿಕೆಯ ಗದ್ದಲ ಹೋದ ಮೇಲೆ ಕೆಟ್ಟದ್ದು ಕೆಟ್ಟದ್ದಾಗಿಯೇ ಕಂಡಿತ್ತು. ಆ ಬ್ಯಾಚು ಯಾವ ಆಸ್ಪತ್ರೆಗೂ ಹೋಗಲಿಲ್ಲ.

ಸಭೆಗೆ ಮುಂಚಿನ ಕೊನೆಯ ಪರೀಕ್ಷೆಯ ದಿನ. ಮೂರು ಮೊಲ ಅಂಗಿ ತೊಟ್ಟು ತಟ್ಟೆಗಳಲ್ಲಿ ಕೂತಿದ್ದವು. ಸೂಜಿ ಆಗಿ ಎರಡು ಗಂಟೆ ಕಳೆದಿತ್ತು. ಮೇಡಂ ಪಕ್ಕದ ಕೋಣೆಯಲ್ಲಿದ್ದರು, ನಾನು ಕಾವು ಬರೆಯುತ್ತಿದ್ದೆ. ಆಗ ಮ್ಯಾನೇಜರು ಬಾಗಿಲು ತಳ್ಳಿಕೊಂಡು ಬಂದರು. ಹಿಂದೆ ಅಳತೆಪಟ್ಟಿ ಹಿಡಿದ ಬಡಗಿ. ಒಪ್ಪಿಗೆ ಸಿಕ್ಕ ಹೊಸ ಚೌಕಟ್ಟುಗಳಿಗೆ ಹಳೆಯದರ ಅಳತೆ ತೆಗೆದುಕೊಳ್ಳಲು ಕರೆತಂದಿದ್ದರು. ಜೋರಾಗಿ ಮಾತಾಡುತ್ತಲೇ ಒಳಬಂದವರು ಮಧ್ಯದ ತಟ್ಟೆಯ ಮುಂದೆ ನಿಂತುಬಿಟ್ಟರು.

ಅದು ಹಲಗೆಯಲ್ಲಿ ಎಲ್ಲಕ್ಕಿಂತ ಜೋರಾಗಿ ಒದೆಯುತ್ತಿದ್ದ ಮೊಲ. ಈಗ ಕಿವಿ ಬೆನ್ನಿನ ಮೇಲೆ ಚೆಲ್ಲಿ, ಗದ್ದ ಊರಿ ಬಿದ್ದಿತ್ತು. ಮೊಲದ ಮೂಗು ಎಚ್ಚರವಿರುವಷ್ಟು ಹೊತ್ತೂ ಆಡುತ್ತಲೇ ಇರುತ್ತದೆ. ಇದರದು ಆಡುತ್ತಿರಲಿಲ್ಲ.

"ಸತ್ತುಹೋಗಿದೆಯಲ್ಲಮ್ಮಾ!" ಅಂದರು.

"ಇಲ್ಲ ಸಾರ್" ಎಂದೆ. "ನಿದ್ದೆ ಮಾಡ್ತೈತೆ."

ಅವರು ನಂಬಲಿಲ್ಲ. ಬಗ್ಗಿ ಅಂಗಿಯ ಪಕ್ಕೆ ನೋಡಿದರು. ಬಿಳಿ ಬಟ್ಟೆ ಮೆಲ್ಲಗೆ ಏರುತ್ತಿತ್ತು, ಇಳಿಯುತ್ತಿತ್ತು. ಯಂತ್ರದ ಮೇಲೆ ಅದರ ಮೈಯ ಕಾವು ನೋಡಿದರು. ಬೆಳಿಗ್ಗೆ ಎಲ್ಲಿತ್ತೋ ಅಲ್ಲೇ ಇತ್ತು. ಅಷ್ಟರಲ್ಲಿ ಬಡಗಿ ಮೂಲೆಯಲ್ಲಿದ್ದ ಚೌಕಟ್ಟನ್ನು ಅಳೆಯಲು ಎಳೆದ. ಮರ ನೆಲಕ್ಕೆ ಉಜ್ಜಿ ಕರ್ ಎಂದಿತು.

ಮ್ಯಾನೇಜರು ತಟ್ಟನೆ ತಿರುಗಿ ತುಟಿಯ ಮೇಲೆ ಬೆರಳಿಟ್ಟರು. ಬಡಗಿ ಚೌಕಟ್ಟು ಬಿಟ್ಟ. ಅವನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದರು, ತುದಿಗಾಲಿನಲ್ಲಿ. ಬರುವಾಗ ತಳ್ಳಿಕೊಂಡು ಬಂದ ಬಾಗಿಲನ್ನು ಹೋಗುವಾಗ ಎರಡೂ ಕೈಯಲ್ಲಿ ಹಿಡಿದು, ಸದ್ದಾಗದಂತೆ ಎಳೆದುಕೊಂಡರು.

ಅಳತೆ ತೆಗೆಯಲು ಬಡಗಿ ಮತ್ತೆ ಬರಲಿಲ್ಲ.